ಮನೆಗಾಡಿಯ ಅಳತೆ

ಫೆಬ್ರವರಿ 6

ಪ್ರಿಯ ಚಿಲ್ಲರೆ,

ನಿನ್ನ ಕಾರ್ಡು ಬಂತು. 'ಚಿಕ್ಕದೇ ಸಾಕು' ಅಂತ ಎರಡು ಪದ ಬರೆದು ಉಳಿದ ಜಾಗ ಖಾಲಿ ಬಿಟ್ಟಿದ್ದೀಯ. ಕಾರಣ ಬರೆಯಲು ಏನು ಧಾಡಿ ನಿನಗೆ? ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ ನಾನು ಸ್ಟಿಯರಿಂಗ್ ಹಿಡಿದೆ, ನೀನು ಟಿಕೆಟ್ ಹರಿದೆ. ಇಬ್ಬರೂ ಒಂದೇ ದಿನ ರಿಟೈರಾಗಿ, ನೀನು ಮಗಳ ಊರು ಸೇರಿ ಇನ್ನೂ ಎರಡು ತಿಂಗಳಾಗಿಲ್ಲ. ಆಗಲೇ ಕಂಡಕ್ಟರು ಡ್ರೈವರಿಗೆ ಗಾಡಿಯ ಪಾಠ ಹೇಳುವ ಕಾಲ ಬಂತಲ್ಲಪ್ಪ.

ಕೊನೇ ಸ್ಟಾಪಿನ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿಕೊಂಡು ನಾವು ಈ ಮನೆಗಾಡಿಯ ಮಾತು ಎಷ್ಟು ಆಡಿಲ್ಲ! ಹಾಸಿಗೆ, ಒಲೆ, ನೀರಿನ ತೊಟ್ಟಿ, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ. ರೂಟ್ ನಂಬರ್ ಇಲ್ಲ, ಟೈಮ್ ಕೀಪರ್ ಇಲ್ಲ, 'ಯಾಕೆ ಲೇಟು' ಎನ್ನುವವರಿಲ್ಲ. ನಾನು ಓಡಿಸುವುದು, ನೀನು ದಾರಿ ಹೇಳುವುದು ಅಂತ ಮಾತಾಗಿತ್ತು. ನನ್ನ ತಲೆಯಲ್ಲಿ ಬೇರೆ ಏನೂ ಇಲ್ಲ ಮಾರಾಯ, ಅದೊಂದೇ ಇದೆ.

ಅಂಗಡಿಯವನು ಕೊಟ್ಟ, ನಿನಗೂ ಒಂದು ಕಳಿಸಿದ ಪುಸ್ತಿಕೆಯಲ್ಲಿ ಮೂರು ಅಳತೆ ಇವೆ. ಐದೂವರೆ ಮೀಟರಿನದರಲ್ಲಿ ಒಬ್ಬ ಅಡಿಗೆ ಮಾಡುತ್ತಿದ್ದರೆ ಇನ್ನೊಬ್ಬ ಹಾಸಿಗೆ ಹತ್ತಿ ಕೂರಬೇಕು. ಆರೂವರೆಯದರಲ್ಲಿ ಊಟದ ಮೇಜನ್ನೇ ಮಡಚಿ ನಿನ್ನ ಮಂಚ ಮಾಡಬೇಕು. ಏಳೂವರೆಯದರಲ್ಲಿ ಇಬ್ಬರಿಗೂ ಬೇರೆ ಬೇರೆ ಮಂಚ, ನಡುವೆ ಒಂದು ಬಾಗಿಲು. ನಿನ್ನ ಗೊರಕೆ ಕೇಳಿದವನಿಗೆ ಆ ಬಾಗಿಲಿನ ಬೆಲೆ ಗೊತ್ತು. ಹನ್ನೊಂದು ಮೀಟರಿನ ಬಸ್ಸನ್ನು ಮಾರ್ಕೆಟ್ಟಿನ ಸಂದಿಯಲ್ಲಿ ತಿರುಗಿಸಿದವನು ನಾನು. ನನ್ನನ್ನು ಬೆಂಕಿಪೊಟ್ಟಣದಲ್ಲಿ ಕೂರಿಸಬೇಡ.

ಮೊನ್ನೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಏಳೂವರೆ ಮೀಟರಿನ ನಕ್ಷೆ ಬರೆದೆ, ಒಂದಿಂಚೂ ಹೆಚ್ಚುಕಡಿಮೆ ಇಲ್ಲದ ಹಾಗೆ. ಎರಡು ದಿನ ಅದರೊಳಗೇ ಓಡಾಡಿದೆ, ಉಂಡೆ, ಪೇಪರ್ ಓದಿದೆ. ಬಾಗಿಲ ಗೆರೆ ದಾಟದೆ ಹೊರಗೆ ಹೋಗಲಿಲ್ಲ. ತಂಗಿ ಬಟ್ಟೆ ಒಣಗಿಸಲು ಬಂದವಳು, ಅಣ್ಣ ನಿನ್ನ ಅಡಿಗೆಮನೆಯಲ್ಲಿ ನನ್ನ ಬೆಡ್‌ಶೀಟು ನೇತಾಡುತ್ತಿದೆ, ಪರವಾಗಿಲ್ಲವಾ ಅಂತ ಕೇಳಿದಳು. ಅವಳಿಗೆ ನಗು, ನನಗೆ ಜೀವನ.

ಮೇ ತಿಂಗಳಲ್ಲಿ ನನ್ನ ಲೈಸೆನ್ಸಿನ ನವೀಕರಣ ಮುಗಿಯುತ್ತದೆ. ಜೂನಿನಲ್ಲಿ ಹೊರಟುಬಿಡೋಣ.

ಏಳೂವರೆ ಎಂದು ಬರೆದು ಕಳಿಸು.

ನಿನ್ನ,
ಡ್ರೈವರ್

*

ಫೆಬ್ರವರಿ 19

ಪ್ರಿಯ ದೊರೆ,

ಇಡೀ ಡಿಪೊ ನಿನ್ನನ್ನು ದೊರೆ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಅಪ್ಪಣೆ ಕೊಡಿಸುವ ಶೈಲಿ ಇನ್ನೂ ಹೋಗಿಲ್ಲ.

ಕಾರಣ ಕೇಳಿದ್ದೀಯ, ಬರೆಯುತ್ತೇನೆ. ಚಿಕ್ಕ ಗಾಡಿ ಮಾಮೂಲಿ ಕಾರು ನಿಲ್ಲುವ ಜಾಗದಲ್ಲಿ ನಿಲ್ಲುತ್ತದೆ. ಮರದ ಕೊಂಬೆಗೆ ತಲೆ ತಾಗುವುದಿಲ್ಲ. ಹಳೇ ಸೇತುವೆಗಳ ಮೇಲೆ ಬಿಡುತ್ತಾರೆ. ಇನ್ನೊಂದು ಮಾತು, ಪುಸ್ತಿಕೆಯ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ: ದೊಡ್ಡವೆರಡಕ್ಕೂ ಭಾರೀ ವಾಹನದ ಲೈಸೆನ್ಸ್ ಬೇಕು, ಐದೂವರೆಯದನ್ನು ಸಾಧಾರಣ ಲೈಸೆನ್ಸಿನಲ್ಲಿ ಯಾರು ಬೇಕಾದರೂ ಓಡಿಸಬಹುದು. ನಾಳೆ ನಿನಗೆ ಜ್ವರ ಬಂತು ಅಂತ ಇಟ್ಟುಕೋ. ಆಗ ಏನು ಮಾಡುವುದು?

ಗೊರಕೆಗೆ ಕಿವಿಗೆ ಹತ್ತಿ ಇಟ್ಟುಕೊಂಡರಾಯಿತು. ನಿನ್ನದೇನು ಕಡಿಮೆಯಾ? ಕೊನೇ ಸ್ಟಾಪಿನಲ್ಲಿ ನೀನು ಸೀಟಿಗೊರಗಿ ನಿದ್ದೆ ಹೋದಾಗ ಪ್ಯಾಸೆಂಜರುಗಳು ಇಂಜಿನ್ ಚಾಲೂ ಇದೆ ಅಂತ ಓಡಿ ಬಂದು ಹತ್ತಿದ್ದುಂಟು.

ಕಣ್ಣನ್ನು ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡುಬಿಡು, ವಯಸ್ಸಾಯಿತಲ್ಲ. ನಾನೂ ಮೊನ್ನೆ ತೋರಿಸಿಕೊಂಡೆ. ತಾರಸಿಯಲ್ಲಿ ಓಡಾಡುವಾಗ ಅಂಚಿನ ಕಡೆ ಹುಷಾರು.

ಮಗಳು, ಅಳಿಯ ಚೆನ್ನಾಗಿದ್ದಾರೆ. ನನಗೆ ಮಾತ್ರ ದಿನ ಕಳೆಯುವುದು ಕಷ್ಟವಾಗಿದೆ. ಬಾಗಿಲು ಹಾಕಿದ ಸದ್ದಾದರೆ ಸೀಟಿ ಊದಲು ಕೈ ಜೇಬಿಗೆ ಹೋಗುತ್ತದೆ.

ನಿನ್ನ,
ಕಂಡಕ್ಟರ್

*

ಮಾರ್ಚ್ 3

ಪ್ರಿಯ ಚಿಲ್ಲರೆ,

ಪೇಪರಿನ ಕೊನೇ ಪುಟದ ಹರಾಜು ನೋಟೀಸನ್ನು ಕನ್ನಡಕ ಇಲ್ಲದೆ ಓದುತ್ತೇನೆ. ಕಣ್ಣಿನ ಸುದ್ದಿ ಬಿಡು, ಗಾಡಿಯ ಸುದ್ದಿಗೆ ಬಾ.

ಭಾನುವಾರ ತಂಗಿಯನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ದೊಡ್ಡ ಅಂಗಳ, ಸಾಲಾಗಿ ಗಾಡಿ ನಿಲ್ಲಿಸಿದ್ದಾರೆ. ಮೊದಲು ನಿನ್ನ ಐದೂವರೆಯದಕ್ಕೆ ಹತ್ತಿದೆ. ಮೊಣಕೈ ಚಾಚಿದರೆ ಒಂದು ಕಡೆ ಒಲೆ, ಇನ್ನೊಂದು ಕಡೆ ಕಕ್ಕಸಿನ ಬಾಗಿಲು. ತಂಗಿ ಒಳಗೆ ಬರಲೇ ಇಲ್ಲ, ಮೆಟ್ಟಿಲ ಮೇಲೇ ನಿಂತು ಕತ್ತು ಹಾಕಿ ನೋಡಿದಳು. ಆಮೇಲೆ ಏಳೂವರೆಯದು. ಆಹಾ, ಅದರ ಸೀಟಿನಲ್ಲಿ ಕೂತು ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದೆ ನೋಡು, ಎರಡು ತಿಂಗಳಿಂದ ಸೊಂಟ ನೋವು ಅಂತ ಒದ್ದಾಡುತ್ತಿದ್ದವನಿಗೆ ಸೊಂಟ ಇದೆ ಅನ್ನುವುದೇ ಮರೆತುಹೋಯಿತು.

ಅಂಗಳದಲ್ಲಿ ಒಂದು ಸುತ್ತು ಓಡಿಸಿ ನೋಡಿ ಅಂದರು. ಓಡಿಸಿದೆ. ತಿರುಗಿಸುವಾಗ ಎಡಗಡೆ ಹಳದಿ ಕಂಬಕ್ಕೆ ಸ್ವಲ್ಪ ಉಜ್ಜಿತು. ಅಂಗಳದ ನಟ್ಟನಡುವೆ ಕಂಬ ನೆಟ್ಟವನಿಗೆ ಬುದ್ಧಿ ಬೇಡವಾ? ಮಾರುವ ಹುಡುಗಿ, ಪರವಾಗಿಲ್ಲ ಬಿಡಿ, ಹೊಸಬರಿಗೆಲ್ಲ ಹೀಗಾಗುತ್ತದೆ ಎಂದಳು. ಹೊಸಬ! ನನಗೆ ಮೈ ಉರಿದುಹೋಯಿತು. ತಂಗಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು.

ಸರಿ, ನಿನ್ನ ಮಾತಿಗೂ ಬೆಲೆ ಕೊಟ್ಟೆ ಅಂತ ಇರಲಿ. ಏಳೂವರೆ ಬೇಡ, ಐದೂವರೆಯೂ ಬೇಡ. ಆರೂವರೆಯದಕ್ಕೆ ಇಬ್ಬರ ಹೆಸರೂ ಬರೆಸಿ ಬಂದಿದ್ದೇನೆ. ಮೇಜಿನ ಮಂಚ ನಿನಗೆ. ಜೂನ್ ಎರಡನೇ ವಾರ ಕೊಡುತ್ತಾರಂತೆ.

ಇದಕ್ಕೂ ಮೂಗು ಮುರಿದರೆ ನಾನೇ ಬಂದು ಮೂಗು ಮುರಿಯುತ್ತೇನೆ.

ನಿನ್ನ,
ಡ್ರೈವರ್ (ಹೊಸಬ)

*

ಮಾರ್ಚ್ 21

ಪ್ರಿಯ ದೊರೆ,

ಹೆಸರು ಬರೆಸಿದ್ದು ತಿಳಿಯಿತು.

ನಿನಗೊಂದು ವಿಷಯ ಹೇಳಬೇಕು. ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಎದುರಿಗೆ ಕೂತು ಹೇಳುವಂಥದ್ದು, ಬಂದಾಗ ಹೇಳುತ್ತೇನೆ. ಬೆಳಿಗ್ಗೆ ಹೊತ್ತು ನನಗೆ ಒಂದು ಕೆಲಸ ಹತ್ತಿಕೊಂಡಿದೆ, ಅದರಿಂದ ಸದ್ಯ ಬರಲಾಗುತ್ತಿಲ್ಲ.

ಕಂಬಕ್ಕೆ ಉಜ್ಜಿದ್ದು ಎಡಗಡೆಯಾ? ಕಂಬ ನಿನಗೆ ಮೊದಲು ಕಂಡಿತ್ತಾ?

ನಿನ್ನ,
ಕಂಡಕ್ಟರ್

*

ಮೇ 9

ಕಂಡಕ್ಟರೇ,

ಪ್ರಿಯ ಅಂತ ಬರೆಯಲು ಕೈ ಬರಲಿಲ್ಲ.

ಮಂಗಳವಾರ ಲೈಸೆನ್ಸ್ ಕಚೇರಿಗೆ ಹೋಗಿದ್ದೆ. ಹೋದ ಸಲ ಒಂದು ಸಹಿ, ಒಂದು ಫೋಟೊ, ಹತ್ತು ನಿಮಿಷ. ಈ ಸಲ ಗುಮಾಸ್ತ ಫೈಲು ತೆರೆದು, ನಿಮ್ಮನ್ನು ಕಣ್ಣಿನ ಪೂರ್ಣ ಪರೀಕ್ಷೆಗೆ ಕಳಿಸಬೇಕು, ನಿಮ್ಮ ಬಗ್ಗೆ ಒಂದು ಪತ್ರ ಬಂದಿದೆ ಎಂದ. ಯಾರ ಪತ್ರ ಅಂದರೆ ಹೇಳುವ ಹಾಗಿಲ್ಲವಂತೆ. ಹೇಳುವ ಅಗತ್ಯ ಏನಿತ್ತು? ಪತ್ರ ನನ್ನ ಮೂಗಿನ ಎದುರೇ ಬಿದ್ದಿತ್ತು. ಅದರಲ್ಲಿ ನಮ್ಮ ಬಸ್ಸಿನ ನಂಬರು. ಆ ನಂಬರಿನ ಎರಡು ಏಳಕ್ಕೂ ಸೊಂಟದಲ್ಲಿ ಒಂದೊಂದು ಅಡ್ಡಗೆರೆ. ಒಂದು ಅಂತ ಓದಿಬಿಟ್ಟಾರು ಎಂದು ಟಿಕೆಟ್ ಪಟ್ಟಿಯಲ್ಲಿ ಏಳಕ್ಕೆ ಹಾಗೆ ಗೆರೆ ಎಳೆಯುವ ಕಂಡಕ್ಟರು ನಮ್ಮ ಡಿಪೊದಲ್ಲಿ ಒಬ್ಬನೇ ಇದ್ದ. ಗುಮಾಸ್ತ ಕೈ ಅಡ್ಡ ಇಡುವಷ್ಟರಲ್ಲಿ ನಾನು ಎರಡು ಸಲ ಓದಿಯಾಗಿತ್ತು. ಇಂಥವನಿಗೆ ಕಣ್ಣು ಕಾಣುವುದಿಲ್ಲ ಅಂತ ಬರೆದಿದ್ದೀಯ.

ಪರೀಕ್ಷೆ ಆಯಿತು. ಒಂದು ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟುಕೊಂಡು ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದೆ. ಡಾಕ್ಟರಮ್ಮ ಕಾಗದ ತೋರಿಸಿದಳು. ನಡುವೆ ಒಂದು ಬಿಳಿ ವೃತ್ತ, ಸುತ್ತ ಎಲ್ಲ ಕಪ್ಪು. ಎದುರಿನದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಕೊಳವೆಯಲ್ಲಿ ನೋಡಿದ ಹಾಗೆ, ಹೋದದ್ದು ವಾಪಸು ಬರುವುದಿಲ್ಲ ಎಂದಳು. ಭಾರೀ ವಾಹನದ್ದೂ ಹೋಯಿತು, ಸಾಧಾರಣದ್ದೂ ಹೋಯಿತು. ಗುಮಾಸ್ತ ಲೈಸೆನ್ಸಿನ ಮೂಲೆಯನ್ನು ಕತ್ತರಿಯಲ್ಲಿ ಕತ್ತರಿಸಿ ನನ್ನ ಕೈಗೇ ಕೊಟ್ಟ, ನೆನಪಿಗೆ ಇಟ್ಟುಕೊಳ್ಳಿ ಅಂತ.

ನಾನು ಮನೆಗೆ ಬಸ್ಸಿನಲ್ಲಿ ಬಂದೆ. ನಮ್ಮದೇ ರೂಟು. ಬೇರೆಯವರು ನಿಂತೇ ಇದ್ದರು, ನಾನು ಮಾತ್ರ ಸೀಟು ಸಿಕ್ಕಿ ಕೂತು ಅತ್ತೆ. ಅದನ್ನೂ ಬರೆಯುತ್ತಿದ್ದೇನೆ, ನಿನಗೆ ಗೊತ್ತಾಗಲಿ.

ನಂಬಿದವನ ಕತ್ತು ಕೊಯ್ದೆಯಲ್ಲೋ. ಇಪ್ಪತ್ತಾರು ವರ್ಷ ಒಂದೇ ಡಬ್ಬಿಯಲ್ಲಿ ಉಂಡು ಬೆನ್ನಿಗೆ ಚೂರಿ ಹಾಕುವಾಗ ಕೈ ನಡುಗಲಿಲ್ಲವಾ? ಅಕ್ಷರವಂತೂ ನಡುಗಿರಲಿಲ್ಲ, ಮುತ್ತು ಪೋಣಿಸಿದ ಹಾಗಿತ್ತು.

ಡ್ರೈವರ್ ಅಲ್ಲದವನು

*

ಮೇ 30

ದೊರೆ,

ಹೌದು, ನಾನೇ ಬರೆದೆ. ಮುಚ್ಚಿಡುವುದಕ್ಕೆ ಏನೂ ಇಲ್ಲ. ಬೈಗುಳ ಕಡಿಮೆಯಾಯಿತು, ಇನ್ನಷ್ಟು ಬರುತ್ತದೆ ಎಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಲೈಬ್ರರಿ ಸ್ಟಾಪಿನಲ್ಲಿ ಒಂದು ಹೆಣ್ಣುಮಗು ಚೆಂಡಿನ ಹಿಂದೆ ಎಡಗಡೆಯಿಂದ ರಸ್ತೆಗಿಳಿಯಿತು. ನೀನು ಬಸ್ಸು ಎತ್ತಿದ್ದೆ. ನಾನು ಮುಂದಿನ ಬಾಗಿಲಲ್ಲಿದ್ದೆ, ಸೀಟಿ ಊದಿದೆ, ನೀನು ಬ್ರೇಕ್ ಒತ್ತಿದೆ. ಮಗು ಬಂಪರಿಗೆ ಒಂದು ಗೇಣು ದೂರ ನಿಂತಿತ್ತು. ನಾನು ಕೇಳಿದೆ, "ಕಾಣಲಿಲ್ವಾ ನಿಂಗೆ?" ನೀನು ಹೇಳಿದೆ, "ಕಂಡಿತ್ತು ಬಿಡೋ, ನೀನೊಬ್ಬ." ನಿನ್ನ ಕಣ್ಣು ಆಗಲೂ ನೇರ ಎದುರಿಗೇ ಇತ್ತು. ಮಗುವಿನ ತಾಯಿ ಬಸ್ಸಿನ ಎಡಮೂಲೆಗೆ ಬಡಿಯುತ್ತಿದ್ದದ್ದೂ ನಿನಗೆ ಕಂಡಿರಲಿಲ್ಲ.

ಅಂದಿನಿಂದ ನಾನು ಮುಂದಿನ ಬಾಗಿಲು ಬಿಡಲಿಲ್ಲ. ಎಡಗಡೆ ಸೈಕಲ್ಲಿಗೆ ಒಂದು ಸೀಟಿ, ಬಲಗಡೆ ಜನ ದಾಟಿದರೆ ಎರಡು. ಬಸ್ಸನ್ನು ನಿನ್ನ ಕಣ್ಣಿನಿಂದಲೇ ಓಡಿಸುತ್ತಿದ್ದೇನೆ ಎಂದು ನೀನು ತಿಳಿದಿದ್ದೆ. ಓಡುತ್ತಿದ್ದದ್ದು ನನ್ನ ಸೀಟಿಯ ಮೇಲೆ. ಡಿಪೊಗೆ ಹೇಳಿದರೆ ನಿನ್ನ ಕೆಲಸ ಹೋಗುತ್ತದೆ, ಇನ್ನು ಮೂರೇ ವರ್ಷ ಅಂತ ಹಲ್ಲು ಕಚ್ಚಿಕೊಂಡೆ. ಮನೆಗಾಡಿ ಅಂತ ನೀನು ಹೊರಟಾಗ ಇನ್ನು ಆಗಲಿಲ್ಲ. ಹೆದ್ದಾರಿಯಲ್ಲಿ ನನ್ನ ಸೀಟಿ ಎಷ್ಟು ದೂರ ಬರುತ್ತದೆ?

ಇನ್ನೂ ಒಂದಿದೆ, ಅದನ್ನೂ ಈಗಲೇ ಬೈದುಬಿಡು. ಅಂಗಡಿಗೆ ಬರೆದು ಆರೂವರೆಯದನ್ನು ಬಿಡಿಸಿ ಐದೂವರೆಯದಕ್ಕೆ ಹೆಸರು ಹಾಕಿಸಿದ್ದೇನೆ. ಬೆಳಗಿನ ಕೆಲಸ ಅಂದೆನಲ್ಲ, ಅದು ಡ್ರೈವಿಂಗ್ ಶಾಲೆ. ಅರವತ್ತನೇ ವಯಸ್ಸಿನಲ್ಲಿ ಕ್ಲಚ್ಚು ಯಾವುದು, ಬ್ರೇಕು ಯಾವುದು ಅಂತ ಕಲಿಯುತ್ತಿದ್ದೇನೆ. ಮೊದಲ ಪರೀಕ್ಷೆಯಲ್ಲಿ ಫೇಲು. ನಾನು ಓಡಿಸಬಲ್ಲ ಅಳತೆ ಅದೊಂದೇ ದೊರೆ, ಅದಕ್ಕೇ ಮೊದಲಿಂದ ಚಿಕ್ಕದು, ಚಿಕ್ಕದು ಅಂತ ಹಟ ಹಿಡಿದದ್ದು. ನೀನು ಪಕ್ಕದ ಸೀಟಿನಲ್ಲಿ ಕೂತು ಬೈಯುತ್ತಾ ಬಾ. ನಿನ್ನಷ್ಟು ದಾರಿ ಬಲ್ಲವರು ಯಾರಿದ್ದಾರೆ?

ನಿನ್ನ,
ಕಂಡಕ್ಟರ್

*

ಜೂನ್ 14

ಕಂಡಕ್ಟರೇ,

ನಿನ್ನ ಕಾಗದವನ್ನು ತಂಗಿಗೂ ಓದಲು ಕೊಟ್ಟೆ. ಅವಳು ನಿನ್ನ ಕಡೆ ಮಾತಾಡಿದಳು, ಅದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಕಚೇರಿಗೆ ಬರೆದದ್ದನ್ನು ಹೇಗೋ ನುಂಗಿಕೊಳ್ಳುತ್ತೇನೆ. ನುಂಗಲಾಗದ್ದು ಬೇರೆ ಇದೆ. ಮೂರು ವರ್ಷ ಆ ಬೆಂಚಿನ ಮೇಲೆ ಕೂತು, ನನ್ನ ಎದುರು ಡಬ್ಬಿ ಬಿಚ್ಚಿ, ಮಂಚ ಎಲ್ಲಿರಲಿ, ಒಲೆ ಎಲ್ಲಿರಲಿ, ದೊಡ್ಡದೋ ಚಿಕ್ಕದೋ ಅಂತ ನನ್ನ ಜೊತೆ ವಾದ ಮಾಡಿದೆ. ನಗುತ್ತಾ ಮಾಡಿದೆ. ನಾನು ಯಾವ ಅಳತೆಯದನ್ನೂ ಓಡಿಸುವವನಲ್ಲ ಅಂತ ನಿನಗೆ ಗೊತ್ತಿತ್ತು. ಆಟಿಕೆ ಕೊಟ್ಟು ಮಗುವನ್ನು ಸುಮ್ಮನಿರಿಸುತ್ತಾರಲ್ಲ, ಹಾಗೆ ಇಟ್ಟುಕೊಂಡಿದ್ದೆ ನನ್ನನ್ನು. ಮುಖಕ್ಕೆ ಹೇಳಿದ್ದರೆ ಹೊಡೆದಾಡಿ ಮುಗಿಸುತ್ತಿದ್ದೆವು.

ಕಚೇರಿಯ ಗುಮಾಸ್ತನಿಗೆ ಹೇಳಲು ನಿನಗೆ ಬಾಯಿ ಬಂತು, ನನಗೆ ಹೇಳಲು ಬರಲಿಲ್ಲ.

ನಿನ್ನ ಪಕ್ಕದ ಸೀಟು ನಿನಗೇ ಇರಲಿ. ಇನ್ನು ಕಾಗದ ಬರೆಯಬೇಡ.

ಇತಿ

*

ಸೆಪ್ಟೆಂಬರ್ 18

ದೊರೆ,

ಬರೆಯಬೇಡ ಅಂದಿದ್ದೆ. ಮೂರು ತಿಂಗಳು ಬರೆಯಲಿಲ್ಲ. ನಿನ್ನ ಮಾತಿಗೆ ನಾನು ಇಷ್ಟು ದಿನ ಮರ್ಯಾದೆ ಕೊಟ್ಟದ್ದು ಇದೇ ಮೊದಲು.

ಮೂರನೇ ಸಲಕ್ಕೆ ಪಾಸಾದೆ. ಗಾಡಿ ಬಂತು. ಮೊದಲ ದಿನವೇ ಅಳಿಯನ ಬೀದಿಯಲ್ಲಿ ಕಸದ ಡಬ್ಬಿ ಉರುಳಿಸಿದೆ. ಒಳಗೆ ನೀನು ಹೇಳಿದ ಹಾಗೇ ಇಕ್ಕಟ್ಟು. ಅಡಿಗೆ ಮಾಡುವವನು ಎದ್ದರೆ ಉಣ್ಣುವವನು ಕೂರಬೇಕು. ಮಂಚ ಒಂದರ ಮೇಲೊಂದು, ನಾನು ಮೇಲಿನದರಲ್ಲಿ ಮಲಗಿ ಕೆಳಗಿನದನ್ನು ಹಾಗೇ ಬಿಟ್ಟಿದ್ದೇನೆ.

ನೀನು ಬರೆದದ್ದು ಸರಿ. ಮುಖಕ್ಕೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಡಿ ಅನ್ನು, ಒಪ್ಪುತ್ತೇನೆ. ಆದರೆ ನನ್ನನ್ನು ಮಲಗಲು ಬಿಡದ್ದು ಅದಲ್ಲ. ಆ ಮೂರು ವರ್ಷ ನಮ್ಮ ಬಸ್ಸು ಹತ್ತಿದವರ ಮುಖಗಳು ಒಂದೊಂದಾಗಿ ಬರುತ್ತವೆ. ನಾನು ಟಿಕೆಟ್ ಕೊಟ್ಟು ಕೂರಿಸಿದೆ. ನಿನಗೇನೋ ಗೊತ್ತಿರಲಿಲ್ಲ, ಗೊತ್ತಿದ್ದೂ ಕೂರಿಸಿದವನು ನಾನೊಬ್ಬನೇ. ಹೋದ ತಿಂಗಳು ಡಿಪೊಗೆ ಹಾಗೇ ಬರೆದು ಕಳಿಸಿದೆ. ಅಪಘಾತವಿಲ್ಲದ ಇಪ್ಪತ್ತೈದು ವರ್ಷ ಎಂದು ನಮ್ಮಿಬ್ಬರ ಹೆಸರು ಬರೆದ ಹಲಗೆ ಇದೆಯಲ್ಲ, ಅದರಿಂದ ನನ್ನ ಹೆಸರು ಅಳಿಸಿದ್ದಾರಂತೆ. ನಿನ್ನದು ಹಾಗೇ ಇದೆ, ಇರಬೇಕಾದದ್ದೇ. ನನಗೆ ಅದರಿಂದ ಸ್ವಲ್ಪ ಹಗುರವಾಗಿದೆ.

ಅಕ್ಟೋಬರ್ ಹನ್ನೆರಡಕ್ಕೆ ನಿನ್ನ ಊರಿನ ಮೇಲೆ ಹೋಗುತ್ತೇನೆ. ನಿಲ್ಲಿಸಲಾ ಬೇಡವಾ, ಒಂದು ಸಾಲು ಬರೆ. ಬರೆಯದಿದ್ದರೆ ಮುಂದೆ ಹೋಗುತ್ತೇನೆ.

ಕಂಡಕ್ಟರ್

*

ಅಕ್ಟೋಬರ್ 2

ಚಿಲ್ಲರೆ,

ನಿನ್ನ ಕಾಗದ ಓದಿದ ಮಾರನೇ ದಿನ ಡಿಪೊಗೆ ಹೋದೆ. ಹಲಗೆ ಮೆಟ್ಟಿಲ ಎದುರಿನ ಗೋಡೆಗೇ ಇದೆ. ನನ್ನ ಹೆಸರು ಇದೆ. ಅದರ ಕೆಳಗೆ ನಿನ್ನ ಹೆಸರಿನಷ್ಟೇ ಉದ್ದಕ್ಕೆ ಬಿಳಿ ಬಣ್ಣ ಬಳಿದಿದ್ದಾರೆ, ಹಲಗೆಯ ಬಣ್ಣಕ್ಕೆ ಹೊಂದುವುದಿಲ್ಲ. ಹೊಸ ಡ್ರೈವರ್ ಒಬ್ಬಳು ಬಂದು ನನ್ನ ಕೈ ಕುಲುಕಿ, ನಿಮ್ಮ ಬಗ್ಗೆ ಕೇಳಿದ್ದೇನೆ ಸರ್, ಆ ಕಂಡಕ್ಟರ್ ಗೊತ್ತಿದ್ದೂ ಮುಚ್ಚಿಟ್ಟು ನಿಮಗೆ ಹೀಗೆ ಮಾಡಬಾರದಿತ್ತು ಎಂದಳು. ನಾನು ಹೌದು ಅಂದೆ. ಅಂದುಬಿಟ್ಟೆ ಚಿಲ್ಲರೆ. ಗೇಟಿನವರೆಗೆ ಹೋಗಿ ವಾಪಸು ಬಂದು ಮ್ಯಾನೇಜರ್ ಕೋಣೆಗೆ ಹೋದೆ. ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತಿದ್ದೇನೆ.

ನನಗೆ ಗೊತ್ತಿತ್ತು.

ಲೈಬ್ರರಿ ಸ್ಟಾಪಿನ ಮಗುವಿಗಿಂತ ನಾಲ್ಕು ತಿಂಗಳು ಮೊದಲೇ ಗೊತ್ತಿತ್ತು. ಬೇರೆ ಊರಿನ ಡಾಕ್ಟರಿಗೆ ತೋರಿಸಿದ್ದೆ, ನಮ್ಮ ಊರಿನಲ್ಲಾದರೆ ಡಿಪೊಗೆ ಸುದ್ದಿ ಮುಟ್ಟುತ್ತದೆ ಅಂತ. ಗಾಡಿ ಮುಟ್ಟಬೇಡಿ ಎಂದರು. ಕಣ್ಣಿಗೆ ಹಾಕುವ ಔಷಧಿ ಕೊಟ್ಟರು, ಹಾಕಿಕೊಂಡೆ, ಯಾರಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಆ ಮಗು ನನಗೆ ಕಂಡಿರಲಿಲ್ಲ. ನಿನ್ನ ಸೀಟಿ ಕೇಳಿ ಕಾಲು ಬ್ರೇಕಿಗೆ ಹೋಯಿತು, ಅಷ್ಟೇ. ನೀನು ಮುಂದಿನ ಬಾಗಿಲಿಗೆ ಬಂದು ನಿಂತೆ. ಯಾಕೆ ನಿಂತೆ ಅಂತ ಅಂದೇ ಅರ್ಥವಾಯಿತು. ಒಂದು ಸೀಟಿ ಎಡ, ಎರಡು ಸೀಟಿ ಬಲ, ಅದನ್ನು ಮೂರೇ ದಿನದಲ್ಲಿ ಕಲಿತುಕೊಂಡೆ. ನನಗೆ ಎಲ್ಲ ಕಾಣುತ್ತಿದೆ ಅಂತ ನೀನು ನನ್ನನ್ನು ನಂಬಿಸುತ್ತಿದ್ದೀ ಅಂದುಕೊಂಡೆ, ನಾನು ನಂಬಿದವನ ಹಾಗೆ ಕೂತೆ. ನಿನ್ನ ಕಣ್ಣಿಟ್ಟುಕೊಂಡು ಮೂರು ವರ್ಷ ದೊರೆ ಅನಿಸಿಕೊಂಡೆ. ಎಲ್ಲಾದರೂ ಏನಾದರೂ ಆಗಿದ್ದರೆ ಸೀಟಿ ಊದಲಿಲ್ಲ ಅಂತ ನಿನ್ನ ಮೇಲೆ ಹಾಕುತ್ತಿದ್ದೆನೋ ಏನೋ. ಅದನ್ನು ಯೋಚಿಸಲು ಹೆದರಿಕೆಯಾಗುತ್ತದೆ.

ಮೇ ತಿಂಗಳಲ್ಲಿ, ಆಮೇಲೆ ಜೂನಿನಲ್ಲಿ ನಿನ್ನನ್ನು ಬೈದೆನಲ್ಲ, ಆ ಮಾತೆಲ್ಲ ಯಾರಿಗೆ ಸೇರಬೇಕಾದದ್ದು ಅಂತ ಬರೆಯುವಾಗಲೇ ಗೊತ್ತಿತ್ತು. ಆದರೂ ಬರೆದೆ. ಸಿಟ್ಟು ನಿಜವಾಗಿಯೂ ಬಂದಿತ್ತು, ಈಗಲೂ ಇದೆ. ಅದೇ ನನಗೆ ಅರ್ಥವಾಗದ್ದು.

ಮ್ಯಾನೇಜರು, ಇಷ್ಟು ದಿನವಾದ ಮೇಲೆ ಇದೆಲ್ಲ ಯಾಕೆ ಎಂದು ಕೇಳಿದರು. ನಿನ್ನ ಹೆಸರು ಮತ್ತೆ ಬರೆಯುವುದಿಲ್ಲವಂತೆ. ನನ್ನದನ್ನು ಅಳಿಸಲು ಒಪ್ಪಿದ್ದಾರೆ. ಬಣ್ಣ ಬಳಿಯುವವನು ಬರುವವರೆಗೆ ಅಲ್ಲೇ ಕೂತಿದ್ದೆ.

ಇದನ್ನು ಓದಿದ ಮೇಲೆ ನೀನು ಮುಂದೆ ಹೋಗಿಬಿಟ್ಟರೆ ನಾನು ಕೇಳುವ ಹಾಗಿಲ್ಲ. ಹನ್ನೆರಡನೇ ತಾರೀಖು ಬೆಳಿಗ್ಗೆಯಿಂದ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನಿಲ್ಲಿಸುವ ಮನಸ್ಸಾದರೆ ಗೇಟಿಗೆ ನೇರ ಎದುರು ನಿಲ್ಲಿಸು. ಪಕ್ಕಕ್ಕೆ ನಿಲ್ಲಿಸಿದರೆ ನನಗೆ ಕಾಣುವುದಿಲ್ಲ.

ನಿನ್ನ,
ಡ್ರೈವರ್ ಆಗಿದ್ದವನು